ದೈತ್ಯನ ಕೆಮ್ಮು

ನನ್ನ ಧ್ವನಿಯನ್ನು ನೀವು ಕೇಳಿರುತ್ತೀರಿ, ಮುಖವನ್ನು ನೋಡಿರುವುದಿಲ್ಲ. ಅದರಿಂದ ನಿಮಗೇನೂ ನಷ್ಟವಾಗಿಲ್ಲ. ಟೈರು, ಸಿಮೆಂಟು, ನೀರಿನ ಪಂಪು, ಕಬ್ಬಿಣದ ಬೀರು, ಇವನ್ನೆಲ್ಲ ರೇಡಿಯೋದಲ್ಲಿ ಹಾಡಿ ಹೊಗಳುವ ಆ ಗಡಸು ಗಂಟಲು ನನ್ನದೇ. ಗಟ್ಟಿಮುಟ್ಟಾದ ವಸ್ತು ಯಾವುದೇ ಇರಲಿ, ನನ್ನನ್ನು ಕರೆಯುತ್ತಾರೆ. ಒಮ್ಮೆ ಮಾತ್ರ ಮಗುವಿನ ಪೌಡರಿನ ಜಾಹೀರಾತಿಗೂ ಕರೆದಿದ್ದರು. ಪೌಡರು ಕೊಳ್ಳದಿದ್ದರೆ ಮಗುವನ್ನೇ ಎತ್ತಿಕೊಂಡು ಹೋಗುತ್ತೇನೆ ಎಂದು ಬೆದರಿಸಿದ ಹಾಗಿದೆ ಎಂದು ಕಾಫಿ ಕುಡಿಸಿ ವಾಪಸು ಕಳಿಸಿದರು.

ಸ್ಟುಡಿಯೋದಲ್ಲಿ ನನಗೆ ಗುಡುಗು ಎಂದು ಅಡ್ಡಹೆಸರು. ಗಾಜಿನ ಆಚೆ ಕುಳಿತು ನನ್ನ ಧ್ವನಿಯನ್ನು ಹಿಡಿದು, ತೊಳೆದು, ಇಸ್ತ್ರಿ ಮಾಡಿ ಕಳಿಸುವವನಿಗೆ ಕತ್ತರಿ ಎಂದು ಹೆಸರು. ನಾನು ಮಾತಿನ ನಡುವೆ ಕೆಮ್ಮಿದ್ದನ್ನೆಲ್ಲ ಅವನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆದುಬಿಡುತ್ತಾನೆ. ಹೊರಗೆ ಹೋಗುವ ಗುಡುಗಿಗೆ ಕೆಮ್ಮೇ ಇಲ್ಲ. ಊರಿನವರು ನನ್ನನ್ನು ಬಂಡೆಯಂಥ ಮನುಷ್ಯ ಎಂದುಕೊಂಡಿದ್ದರೆ ಅದಕ್ಕೆ ಕತ್ತರಿಯೇ ಹೊಣೆ.

ಸಿನಿಮಾ ಶುರುವಾಗುವ ಮೊದಲು "ಧೂಮಪಾನ ಬಿಡಿ, ನಿಮ್ಮವರಿಗಾಗಿ ಬದುಕಿ" ಎಂದು ಒಬ್ಬ ಗಂಭೀರವಾಗಿ ಹೇಳುತ್ತಾನಲ್ಲ, ಅದೂ ನಾನೇ. ಅದನ್ನು ರೆಕಾರ್ಡ್ ಮಾಡುವ ದಿನ ಗಂಟಲು ಸ್ವಲ್ಪ ಪಾಕಕ್ಕೆ ಬರಲಿ ಎಂದು ಮೆಟ್ಟಿಲ ಕೆಳಗೆ ಹೋಗಿ ಒಂದು ಸೇದಿ ಬಂದಿದ್ದೆ. ಕತ್ತರಿ ಹೆಡ್‌ಫೋನ್ ಕಳಚಿಟ್ಟು ಗಾಜಿನಾಚೆಯಿಂದ ಮೈಕಿನಲ್ಲಿ ಕೇಳಿದ.

"ಗುರುವೇ, ‘ಬದುಕಿ’ ಅನ್ನೋ ಜಾಗದಲ್ಲೇ ಸಾಯೋ ಥರ ಕೆಮ್ತೀಯಲ್ಲ. ನಾನು ಎಲ್ಲಿ ಅಂತ ಕತ್ತರಿಸ್ಲಿ?"

ಹೇಗೋ ಕತ್ತರಿಸಿದ. ಆ ಜಾಹೀರಾತು ಇವತ್ತಿಗೂ ಓಡುತ್ತಿದೆ. ಅದನ್ನು ಕೇಳಿ ಎಷ್ಟು ಜನ ಬಿಟ್ಟರೋ ಗೊತ್ತಿಲ್ಲ. ಹೇಳಿದವನಂತೂ ಬಿಟ್ಟಿರಲಿಲ್ಲ.

ಮನೆಯಲ್ಲಿ ನಾನು ಸೇದುವುದು ಗುಟ್ಟು ಎಂದು ನಾನು ತಿಳಿದುಕೊಂಡಿದ್ದೆ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಒಂದು ಮುರಿದ ಸ್ಟೂಲು ನನ್ನ ಸಿಂಹಾಸನ. ಸೇದಿ, ಏಲಕ್ಕಿ ಅಗಿದು, ಎರಡು ಸಲ ಕೈ ತೊಳೆದು ಕೆಳಗಿಳಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ನನ್ನ ನಂಬಿಕೆ. ನನ್ನ ಹೆಂಡತಿ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಜನರ ಕಣ್ಣೊಳಗೇ ಇಣುಕುವವಳ ಕಣ್ಣಿಗೆ ಮಣ್ಣೆರಚುತ್ತೇನೆ ಎಂದುಕೊಂಡ ಗಂಡನ ಬುದ್ಧಿಯನ್ನು ನೀವೇ ಅಳೆಯಿರಿ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಜಗಳವಾಡಿ ಸಾಕಾಗಿ, ಮಗಳಿಗೆ ಮಾತ್ರ ತಿಳಿಯಬಾರದು ಎಂಬ ಒಂದೇ ಕರಾರಿನ ಮೇಲೆ ಬಾಯಿ ಮುಚ್ಚಿಕೊಂಡಿದ್ದಳು.

ಮಗಳು ಮೂರನೇ ಕ್ಲಾಸು. ಅವಳದು ಎಳೆದು ಕಟ್ಟಿದ ತಂತಿಯಂಥ ಸಣ್ಣ ದನಿ, ಹಾಗಾಗಿ ನಾನಿಟ್ಟ ಹೆಸರು ಪಿಟೀಲು. ತಾರಸಿಗೆ ಯಾಕೆ ಹೋಗ್ತೀಯ ಎಂದು ಅವಳು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ "ಧ್ವನಿ ಪ್ರಾಕ್ಟೀಸು" ಎಂದಿದ್ದೆ. ಯಾಕೆ ಕೆಮ್ತೀಯ ಎಂದಿದ್ದಕ್ಕೆ "ಇದು ದೊಡ್ಡ ಎಂಜಿನ್ನು ಕಣೇ, ಸ್ಟಾರ್ಟ್ ಆಗೋವಾಗ ಹಾಗೇ ಸದ್ದು ಮಾಡುತ್ತೆ" ಎಂದಿದ್ದೆ. ಅವಳು ನಂಬಿದಳು. ಅಪ್ಪನ ಎಂಜಿನ್ ಬಗ್ಗೆ ಗೆಳತಿಯರ ಹತ್ತಿರ ಜಂಭ ಕೂಡ ಕೊಚ್ಚಿಕೊಂಡಳಂತೆ.

ದಿನಾ ಸಂಜೆ ಅವಳಿಗೆ ಕಥೆ ಓದಿ ಹೇಳುವುದು ನನ್ನ ಕೆಲಸ. ಈ ಒಂದು ವಿಷಯದಲ್ಲಿ ನಾನು ಒಳ್ಳೆಯ ಅಪ್ಪ ಎಂದು ಎಲ್ಲಿ ಬೇಕಾದರೂ ಹೇಳುತ್ತೇನೆ. ಅವಳಿಗೆ ಇಷ್ಟವಾದದ್ದು ಒಂದು ಚಪ್ಪಲಿ ಕಳೆದುಕೊಂಡ ದೈತ್ಯನ ಕಥೆ. ಅವನು ಬೆಟ್ಟದಿಂದಿಳಿದು ಊರಿನ ಪ್ರತಿ ಮನೆಯ ಬಾಗಿಲನ್ನೂ ತಟ್ಟುತ್ತಾನೆ. ಹೆದರಿಕೆಗೆ ಯಾರೂ ತೆರೆಯುವುದಿಲ್ಲ. ಕೊನೆಗೆ ಎಲ್ಲಕ್ಕಿಂತ ಚಿಕ್ಕ ಮನೆಯ ಹುಡುಗಿಯೊಬ್ಬಳು ಬಾಗಿಲು ತೆರೆದು, ಅದೇ ಚಪ್ಪಲಿಯೊಳಗೆ ತನ್ನ ಬೆಕ್ಕು ಮರಿ ಹಾಕಿದೆ, ಮರಿಗಳು ಕಣ್ಣು ಬಿಡುವವರೆಗೆ ಕಾಯಬೇಕು ಎನ್ನುತ್ತಾಳೆ. ದೈತ್ಯ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊರಗೆ ಕೂತು ಕಾಯುತ್ತಾನೆ. ನಾನು ಈ ಕಥೆಯನ್ನು ಎಷ್ಟು ಸಲ ಓದಿದ್ದೇನೆಂದರೆ ದೈತ್ಯನಿಗೇ ಬೇಸರ ಬಂದಿರಬೇಕು.

ಹೀಗಿರುವಾಗ ಮಗಳಿಗೆ ಕೆಮ್ಮು ಶುರುವಾಯಿತು. ಬೆಳಿಗ್ಗೆ ಇರುವುದಿಲ್ಲ, ಆಟವಾಡುವಾಗ ಇರುವುದಿಲ್ಲ. ಸಂಜೆ ಅವಳೊಬ್ಬಳೇ ಕೋಣೆಯ ಬಾಗಿಲು ಹಾಕಿಕೊಂಡು ಪುಸ್ತಕ ಹಿಡಿದು ಕೂತಾಗ ಗೋಡೆಯಾಚೆಯಿಂದ ಕೇಳಿಸುತ್ತದೆ. ಮೊದಲು ಸಣ್ಣದು, ಆಮೇಲೆ ಎದೆ ಕಿತ್ತು ಬರುವಂಥದ್ದು. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು, ಗಂಟಲಿಗೆ ಟಾರ್ಚು ಬಿಟ್ಟು, ಏನೂ ಕಾಣುತ್ತಿಲ್ಲವಲ್ಲ ಎಂದರು. "ನಂಗೆ ಕೆಮ್ಮಿಲ್ಲ" ಎಂದಳು ಮಗಳು. ಔಷಧಿ ತಪ್ಪಿಸಿಕೊಳ್ಳಲು ಹೇಳುತ್ತಿದ್ದಾಳೆ ಎಂದು ನಾವಿಬ್ಬರೂ ಸೇರಿ ಮೂಗು ಹಿಡಿದು ಸಿರಪ್ ಕುಡಿಸಿದೆವು. ಬಾಟಲಿ ಖಾಲಿಯಾಯಿತು, ಕೆಮ್ಮು ಕದಲಲಿಲ್ಲ.

"ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತಾರಾ?" ಎಂದು ಎರಡನೇ ಸಲ ಹೋದಾಗ ಡಾಕ್ಟರು ಕೇಳಿದರು. ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ವಾಸಿಯಿತ್ತು.

"ತಾರಸಿ ಮೇಲೆ ಸೇದಿದ್ದು ಕೆಳಗೆ ಹೇಗೆ ಬರುತ್ತೆ?" ಎಂದು ಮನೆಗೆ ಬಂದ ಮೇಲೆ ವಾದ ಹೂಡಿದೆ.

"ನಿಮ್ಮ ಶರ್ಟಲ್ಲಿ ಬರುತ್ತೆ ರೀ. ಅವಳು ನಿಮ್ಮ ಎದೆಗೆ ಒರಗಿಕೊಂಡೇ ತಾನೆ ಕಥೆ ಕೇಳೋದು?" ಅವಳ ಮಾತಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. "ಅವಳಿಗೇನಾದ್ರೂ ಆದ್ರೆ ನಾನು ನಿಮ್ಮನ್ನ ಕ್ಷಮಿಸಲ್ಲ."

ಆ ಮಾತು ನಾಟಿತು. ಆವತ್ತಿನಿಂದ ಶರ್ಟು ಬದಲಿಸಿ ಕಥೆ ಓದಲು ಶುರುಮಾಡಿದೆ. ಸಿಗರೇಟು ಬಿಡುವ ಬದಲು ಶರ್ಟು ಬಿಟ್ಟೆ. ನನ್ನಂಥವರ ಸುಧಾರಣೆ ಶುರುವಾಗುವುದೇ ಹೀಗೆ.

ಇದರ ಮಧ್ಯೆ ಮಗಳ ಶಾಲೆಯಿಂದ ಫೋನು. ಸಿನಿಮಾದಲ್ಲಿ ಎಚ್ಚರಿಕೆ ಹೇಳುವ ಧ್ವನಿ ನನ್ನದೆಂದು ಕ್ಲಾಸ್ ಟೀಚರಿಗೆ ತಿಳಿದಿತ್ತು. ತಿಳಿಸಿದವಳು ಯಾರೆಂದು ಬೇರೆ ಹೇಳಬೇಕಿಲ್ಲ.

"ಸರ್, ಸಿಗರೇಟಿಂದ ಮನುಷ್ಯ ಏನೇನು ಕಳ್ಕೋತಾನೆ ಅಂತ ಮಕ್ಕಳಿಗೆ ನಾಲ್ಕು ಮಾತು ಹೇಳ್ಬೇಕು. ನಾವು ಹೇಳಿದ್ರೆ ಕೇಳಲ್ಲ. ನಿಮ್ಮ ಧ್ವನೀಲಿ ಬಂದ್ರೆ ಮನಸಿಗೆ ಹೋಗುತ್ತೆ."

ಆಗುವುದಿಲ್ಲ ಎನ್ನಲು ಒಳ್ಳೆಯ ಕಾರಣಗಳಿದ್ದವು. ಆದರೆ ಹೊಗಳಿಕೆ ಕೇಳಿದರೆ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ. ಖಂಡಿತ ಬರ್ತೀನಿ ಎಂದೆ. ಏನು ಮಾತಾಡಬೇಕೆಂದು ಯೋಚಿಸಲು ತಾರಸಿಗೆ ಹೋದೆ. ಯೋಚನೆ ಜಟಿಲವಾಗಿತ್ತು, ಎರಡು ಬೇಕಾದವು.

ಶಾಲೆಗೆ ಹೋದ ದಿನ ಇಸ್ತ್ರಿ ಶರ್ಟು, ಬಾಯಲ್ಲಿ ಏಲಕ್ಕಿ, ಕೈಯಲ್ಲಿ ಶ್ವಾಸಕೋಶದ ದೊಡ್ಡ ಚಿತ್ರ. ಕಿಟಕಿಯ ಹತ್ತಿರದ ಬೆಂಚಿನಲ್ಲಿ ನನ್ನ ಪಿಟೀಲು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಇವರು ನಮ್ಮಪ್ಪ ಎಂದು ಅವಳ ಮುಖವೇ ಹೇಳುತ್ತಿತ್ತು. ನಾನು ಬಾಯಿ ತೆರೆದ ಕೂಡಲೇ ಕ್ಲಾಸು ಗಪ್ಪಾಯಿತು. ಕಪ್ಪಾದ ಶ್ವಾಸಕೋಶವನ್ನು ತೋರಿಸಿ ಹೃದಯ ಕರಗುವ ಹಾಗೆ ಮಾತಾಡಿದೆ. ಕತ್ತರಿ ಇದ್ದಿದ್ದರೆ ಒಂದು ಅಕ್ಷರ ಕತ್ತರಿಸುತ್ತಿರಲಿಲ್ಲ.

"ಸಿಗರೇಟಿಗೆ ಹಾಕೋ ದುಡ್ಡು ಕೂಡಿಟ್ರೆ ಒಂದು ಒಳ್ಳೇ ಸೈಕಲ್ ತಗೋಬಹುದು, ಗೊತ್ತಾ?" ಎಂದೆ.

ಮುಂದಿನ ಬೆಂಚಿನ ಹಲ್ಲು ಬಿದ್ದ ಹುಡುಗಿ ಕೈಯೆತ್ತಿದಳು. "ನಿಮ್ಮ ಹತ್ರ ಸೈಕಲ್ ಇದೆಯಾ ಅಂಕಲ್?"

"ಇಲ್ಲ."

"ಯಾಕಿಲ್ಲ?"

ಟೀಚರು ಕಿಟಕಿಯ ಹೊರಗೆ ಏನನ್ನೋ ನೋಡತೊಡಗಿದರು. ನಾನು ಕರವಸ್ತ್ರ ತೆಗೆದೆ. ಇನ್ನೊಬ್ಬಳು ಎದ್ದು ನಿಂತಳು.

"ಅಂಕಲ್, ಸಿಗರೇಟ್ ಸೇದಿದ್ರೆ ನಿಮ್ಮ ಥರ ಧ್ವನಿ ಬರುತ್ತಾ?"

"ಇಲ್ಲಮ್ಮ, ಖಂಡಿತ ಇಲ್ಲ."

"ಮತ್ತೆ ನಿಮಗೆ ಎಲ್ಲಿಂದ ಬಂತು?"

"ಹುಟ್ಟಿದಾಗಿಂದ ಹೀಗೇ."

ತೊಟ್ಟಿಲಲ್ಲಿ ಮಲಗಿದ ಕೂಸು ಈ ದನಿಯಲ್ಲಿ ಅಳುವುದನ್ನು ಯಾರೋ ಅನುಕರಿಸಿ ತೋರಿಸಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ಇಂಗು ತಿಂದ ಮಂಗನ ಹಾಗೆ ಶ್ವಾಸಕೋಶವನ್ನು ಎದೆಗವಚಿಕೊಂಡು ನಿಂತೆ.

ಟೀಚರಿಗೆ ಪಾಪ ಎನಿಸಿರಬೇಕು. ಮಾತು ತಿರುಗಿಸಲು ನನ್ನ ಮಗಳನ್ನು ಎಬ್ಬಿಸಿದರು. ಅವಳು ಶಾಲೆಯ ಕಥೆ ಓದುವ ಸ್ಪರ್ಧೆಗೆ ಆಯ್ಕೆಯಾಗಿದ್ದಳು. ಅದೊಂದು ಬಹುಮಾನಕ್ಕಾಗಿ ತಿಂಗಳಿಂದ ಊಟ ನಿದ್ದೆ ಮರೆತು ಕೂತಿದ್ದಳು ಎಂದು ನನಗೂ ಗೊತ್ತಿತ್ತು. ಅಪ್ಪನ ಮುಂದೆ ಒಂದು ಪುಟ ಓದು ಎಂದರು.

ಪಿಟೀಲು ಎದ್ದು ದೈತ್ಯನ ಕಥೆ ತೆಗೆದಳು. ಚೆನ್ನಾಗಿ ಓದಿದಳು. ಎಲ್ಲಿ ನಿಧಾನ, ಎಲ್ಲಿ ಜೋರು, ಎಲ್ಲ ನನ್ನದೇ ಪಾಠ, ನನ್ನ ಎದೆಯುಬ್ಬಿತು. "ದೈತ್ಯ ಬಾಗಿಲು ತಟ್ಟಿದ. ಒಳಗಿನಿಂದ ಯಾರೂ ಮಾತಾಡಲಿಲ್ಲ" ಎಂದು ಓದಿ ನಿಲ್ಲಿಸಿದಳು. ಆಮೇಲೆ ಕೆಮ್ಮಿದಳು. ಮೊದಲು ಮುಷ್ಟಿಯೊಳಗೆ ಎರಡು ಸಣ್ಣದು. ಮುಖ ಪಕ್ಕಕ್ಕೆ ತಿರುಗಿಸಿ ಒಂದು ಉದ್ದನೆಯದು. ಕೊನೆಗೆ ಎದೆಯ ಮೇಲೆ ಅಂಗೈಯಿಟ್ಟುಕೊಂಡು, ಬಗ್ಗಿ, ಭುಜ ಅಲುಗಿಸುತ್ತ ಎಳೆದು ಎಳೆದು ಕೆಮ್ಮಿ, ಕಣ್ಣೊರೆಸಿಕೊಂಡು, "ಹ್ಞಾಂ, ಎಲ್ಲಿದ್ವಿ" ಎಂದು ಮುಂದಿನ ಸಾಲಿಗೆ ಹೋದಳು.

"ಇದೇ ಕೆಮ್ಮು ನೋಡಿ ಸರ್" ಎಂದರು ಟೀಚರು ಮೆಲ್ಲಗೆ. "ಸ್ಪರ್ಧೆ ಹೊತ್ತಿಗೆ ವಾಸಿಯಾಗದಿದ್ರೆ ಕಷ್ಟ."

"ಮಿಸ್, ನಂಗೆ ಕೆಮ್ಮಿಲ್ಲ" ಎಂದಳು ಮಗಳು. "ಅದು ಕಥೇಲಿ ಬರುತ್ತೆ."

"ಎಲ್ಲಮ್ಮ? ಪುಸ್ತಕದಲ್ಲಿ ಇಲ್ವಲ್ಲ."

"ಬರೆದಿಲ್ಲ ಮಿಸ್, ಓದೋವಾಗ ಬರುತ್ತೆ. ಬಾಗಿಲು ತೆಗೀದಿದ್ರೆ ದೈತ್ಯ ಕೆಮ್ತಾನೆ. ಅಪ್ಪ ಓದೋವಾಗ ದಿನಾ ಬರುತ್ತೆ." ಅವಳು ನನ್ನ ಕಡೆ ತಿರುಗಿದಳು. "ಅಲ್ವಾ ಅಪ್ಪ?"

ಮೊದಲು ನನಗಾದದ್ದು ಸಮಾಧಾನ. ಮಗುವಿನ ಎದೆಯಲ್ಲಿ ಏನೂ ಇಲ್ಲ, ಅಷ್ಟು ಸಿರಪ್ಪು ಸುಮ್ಮನೆ ಕುಡಿಸಿದೆವು. ಆಮೇಲೆ ನಾಚಿಕೆಯಾಯಿತು. ಅವಳ ಕೆಮ್ಮಿನಲ್ಲಿ ನನ್ನ ಭುಜವಿತ್ತು, ನನ್ನ ಅಂಗೈಯಿತ್ತು, ನಾನು ಕಣ್ಣೊರೆಸಿಕೊಳ್ಳುವ ರೀತಿಯಿತ್ತು. ನಾನು ಹಾಗೆ ಕಾಣುತ್ತೇನೆಂದು ನನಗೆ ಗೊತ್ತೇ ಇರಲಿಲ್ಲ. ಚಿತ್ರವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, ಮಕ್ಕಳ ಚಪ್ಪಾಳೆಯ ನಡುವೆ ನೆಲ ನೋಡುತ್ತ ಹೊರಬಂದೆ.

ಸಂಜೆ ಮಗಳನ್ನು ಕೂರಿಸಿಕೊಂಡೆ. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಲ್ಲಿಸಿದಳು.

"ಅದು ದೈತ್ಯನ ಕೆಮ್ಮಲ್ಲ ಕಣಮ್ಮ. ನಂದು."

"ಎಂಜಿನ್‌ದಾ?"

"ಎಂಜಿನ್ನೂ ಇಲ್ಲ, ಎಂಥದೂ ಇಲ್ಲ. ನಾನು ಸಿಗರೇಟ್ ಸೇದ್ತೀನಿ. ಅದರಿಂದ ಬರೋದು."

"ಟ್ಯಾಂಕ್ ಹಿಂದೆ ಪ್ರಾಕ್ಟೀಸು?"

"ಅದೂ ಸುಳ್ಳು."

ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದೇ ಬೇರೆ. "ಹಾಗಾದ್ರೆ ದೈತ್ಯ ಕೆಮ್ಮೋದೇ ಇಲ್ವಾ?" ಎಂದಳು. ಅವಳ ಮುಖ ಸಣ್ಣಗಾಯಿತು. ಎಷ್ಟೋ ದಿನದಿಂದ ಜೊತೆಗಿದ್ದ ಒಬ್ಬನನ್ನು ನಾನು ಅವಳ ಕಣ್ಣೆದುರೇ ಮನೆಯಿಂದಾಚೆ ಹಾಕಿದ ಹಾಗಾಯಿತು.

ಇದೇ ಕಥೆಯನ್ನು ಹಿಂದೆ ಸ್ಟುಡಿಯೋದಲ್ಲಿ ಮಕ್ಕಳಿಗಾಗಿ ಓದಿದ್ದೆ. ಆ ರೆಕಾರ್ಡಿಂಗನ್ನು ಕತ್ತರಿಯಿಂದ ತರಿಸಿಕೊಂಡು ಮರುದಿನ ಕೇಳಿಸಿದೆ. ನಿಜವಾದ ಕಥೆ ಹೇಗಿರುತ್ತದೆಂದು ತಿಳಿಯಲಿ ಎಂಬ ಆಸೆ, ಜೊತೆಗೆ ಹೋದ ಮಾನ ಸ್ವಲ್ಪವಾದರೂ ಬರಲಿ ಎಂಬ ದುರಾಸೆ. ಅವಳು ಕೊನೆಯವರೆಗೂ ಕಿವಿಗೊಟ್ಟು ಕೇಳಿದಳು.

"ಇದ್ರಲ್ಲಿ ಕೆಮ್ಮು ಎಲ್ಲಿ ಹೋಯ್ತು?"

"ಕತ್ತರಿ ಅಂಕಲ್ ಕತ್ತರಿಸಿದ್ರು. ಅವರ ಕೆಲಸ ಅದೇ."

"ನಿನ್ನ ಒಳಗಿಂದ್ಲೂ ಕತ್ತರಿಸಿದ್ರಾ?"

ಇಲ್ಲ ಎಂದೆ. ಅಲ್ಲಿಗೆ ಅವನ ಕೈ ಹೋಗುವುದಿಲ್ಲ, ಅದನ್ನು ನಾನೇ ಮಾಡಬೇಕು ಎಂದೆ. ಯಾವಾಗ ಎಂದಳು. ನಿನ್ನ ಸ್ಪರ್ಧೆಯೊಳಗೆ ಎಂದು ಮಾತು ಕೊಟ್ಟೆ.

ಬಿಟ್ಟೆ. ನಗಬೇಡಿ, ನಿಜವಾಗಿಯೂ ಬಿಟ್ಟೆ. ಬಿಟ್ಟ ಗಂಡಸು ಮನೆಯಲ್ಲಿ ಎಂಥ ಪೀಡೆ ಎಂದು ನನ್ನ ಹೆಂಡತಿಯನ್ನು ಕೇಳಿ. ಫ್ಯಾನಿನ ಸದ್ದಿಗೆ ಸಿಡುಕಿದೆ, ನಲ್ಲಿಯ ಮೇಲೆ ರೇಗಿದೆ, ಏಲಕ್ಕಿ ತಿಂದು ತಿಂದು ಡಬ್ಬಿ ಬರಿದು ಮಾಡಿದೆ. ಸ್ಟುಡಿಯೋದಲ್ಲಿ ನೀರಿನ ಪಂಪನ್ನು ಹೊಗಳಲು ಹೋಗಿ ಗದರಿಸಿದೆ. ಕತ್ತರಿ ಅದನ್ನೇ ಇಟ್ಟುಕೊಂಡ, ಪಂಪಿಗೆ ಶಕ್ತಿ ಬಂದ ಹಾಗಿದೆ ಎಂದ.

ಕೆಮ್ಮು ಮಾತ್ರ ನನ್ನ ತೀರ್ಮಾನಕ್ಕೆ ಕಿವಿಗೊಡದೆ ತನ್ನ ಪಾಡಿಗೆ ಬರುತ್ತಿತ್ತು. ಸಂಜೆ ಓದುವಾಗ ಬಾಗಿಲು ತಟ್ಟಿದ ಜಾಗ ಬಂದರೆ ಸಾಕು, ಎದೆ ಎದ್ದು ಬರುತ್ತಿತ್ತು. ಈಗ ಮಗಳು ನನ್ನ ಹಾಗೆ ಕೆಮ್ಮುತ್ತಿರಲಿಲ್ಲ. ನಾನು ನಿಲ್ಲಿಸಿದ ಪದದ ಮೇಲೆ ಬೆರಳಿಟ್ಟುಕೊಂಡು ಕೂರುತ್ತಿದ್ದಳು.

"ನಿಧಾನಕ್ಕೆ ಬಾ ಅಪ್ಪ. ಬೆರಳಿಟ್ಟಿದ್ದೀನಿ" ಎನ್ನುತ್ತಿದ್ದಳು.

ಅವಳ ಸರದಿ ಬಂದಾಗ ನಾನು ಮೇಷ್ಟ್ರಾಗುತ್ತಿದ್ದೆ. ಕೆಮ್ಮಿನ ಜಾಗದಲ್ಲಿ ಒಂದು ಉಸಿರು ತಗೋ, ಮುಂದೆ ಹೋಗು, ಜಾಸ್ತಿ ನಿಂತರೆ ಸಮಯ ಮುಗಿದು ಗಂಟೆ ಹೊಡೆದುಬಿಡುತ್ತಾರೆ. ಅವಳು ಕಲಿತಳು. ಒಂದು ಉಸಿರಲ್ಲಿ ಆ ಮೌನವನ್ನು ಹಿಡಿದು ದಾಟುವುದನ್ನು ಕೇಳಿದಾಗ, ಇವಳು ನನಗಿಂತ ಚೆನ್ನಾಗಿ ಓದುತ್ತಾಳೆ ಎಂದು ಒಳಗೊಳಗೇ ಒಪ್ಪಿಕೊಂಡೆ.

ಸ್ಪರ್ಧೆಯ ದಿನ ಬೆಳಿಗ್ಗೆ ಮಗಳು ಆರಾಮಾಗಿದ್ದಳು. ನಡುಕ ನನಗೆ. ಶಾಲೆಯ ಸಭಾಂಗಣದಲ್ಲಿ ಹೆಂಡತಿಯನ್ನು ಕೂರಿಸಿ, ಗಾಡಿಗೆ ಬೀಗ ಹಾಕಿದೆನಾ ನೋಡಿ ಬರ್ತೀನಿ ಎಂದು ಹೊರಬಿದ್ದೆ. ಗಾಡಿಗೆ ಬೀಗ ಹಾಕಿಯೇ ಇತ್ತು. ಕಾಂಪೌಂಡಿನ ಹಿಂದಿನ ಗೂಡಂಗಡಿಯಲ್ಲಿ ಒಂದೇ ಒಂದು, ಅದೂ ಮಗಳ ಒಳ್ಳೆಯದಕ್ಕೇ, ನನ್ನ ಕೈ ನಡುಗುವುದನ್ನು ನೋಡಿ ಅವಳು ಹೆದರಬಾರದಲ್ಲ. ಈ ತರ್ಕವನ್ನು ನಾನು ಆ ಹೊತ್ತಿನಲ್ಲಿ ಪೂರ್ತಿ ನಂಬಿದ್ದೆ.

ನಾನು ಬಂದು ಮೂರನೇ ಸಾಲಿನ ನಡುವೆ ತೂರಿಕೊಂಡಾಗ ಪಿಟೀಲು ವೇದಿಕೆ ಹತ್ತುತ್ತಿದ್ದಳು. ಹೆಂಡತಿ ಒಮ್ಮೆ ಮೂಗರಳಿಸಿ ಮುಖ ತಿರುಗಿಸಿದಳು.

ಮಗಳು ಓದಿದಳು. ಕೆಳಗೆ ಕುಳಿತವರ ಕುರ್ಚಿ ಕಿರುಗುಟ್ಟುವುದು ನಿಂತಿತು. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಪೆನ್ನು ಕೆಳಗಿಟ್ಟು ಗಲ್ಲಕ್ಕೆ ಕೈಕೊಟ್ಟು ಕೇಳತೊಡಗಿದರು. ಬಹುಮಾನ ಇವಳದೇ ಎಂದು ನನಗೆ ಖಾತ್ರಿಯಾಯಿತು. "ದೈತ್ಯ ಬಾಗಿಲು ತಟ್ಟಿದ. ಒಳಗಿನಿಂದ ಯಾರೂ ಮಾತಾಡಲಿಲ್ಲ." ಅವಳು ಉಸಿರು ತೆಗೆದುಕೊಂಡಳು.

ಕೆಮ್ಮು ನನ್ನಿಂದ ಬಂತು. ಕರವಸ್ತ್ರ ತುರುಕಿದೆ, ಹಲ್ಲು ಕಚ್ಚಿದೆ, ತಲೆಯನ್ನು ಮೊಣಕಾಲ ಮಧ್ಯೆ ಇಟ್ಟೆ. ಗಟ್ಟಿಮುಟ್ಟಾದ ವಸ್ತುಗಳನ್ನೆಲ್ಲ ಮಾರಿದ ಗಂಟಲು, ಇಡೀ ಸಭಾಂಗಣಕ್ಕೆ ಕೇಳುವ ಹಾಗೆ, ಮುಗಿಯದೆ ಕೆಮ್ಮಿತು. ಎದ್ದು ಹೋಗಲು ಎರಡೂ ಕಡೆ ಮೊಣಕಾಲುಗಳು. ನೀರು ತುಂಬಿ ಮಂಜಾದ ಕಣ್ಣೆತ್ತಿ ನೋಡಿದರೆ ಮಗಳು ಓದುವುದನ್ನು ನಿಲ್ಲಿಸಿದ್ದಳು. ಪುಟದ ಮೇಲೆ ಬೆರಳಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಓದು, ಓದು ಎಂದು ಕೈ ಬೀಸಿದೆ. ಅವಳು ತಲೆಯಾಡಿಸಿ, ಬೆರಳು ತೋರಿಸಿ, ಹಾಗೇ ನಿಂತಳು.

ಹೆಂಡತಿ ಬೆನ್ನು ನೀವಿದಳು. ಯಾರೋ ನೀರಿನ ಬಾಟಲಿ ದಾಟಿಸಿದರು. ನನ್ನದು ಮುಗಿದ ಮೇಲೆ ಮಗಳು ಬಿಟ್ಟ ಪದದಿಂದಲೇ ಮತ್ತೆ ಶುರುಮಾಡಿದಳು. ಹುಡುಗಿ ಬಾಗಿಲು ತೆರೆಯುವ ಮೊದಲೇ ಗಂಟೆ ಹೊಡೆಯಿತು. ಪುಸ್ತಕ ಮುಚ್ಚಿ, ನಮಸ್ಕಾರ ಮಾಡಿ ಇಳಿದಳು. ಬಹುಮಾನಗಳನ್ನು ಕೂಗಿದಾಗ ಅವಳ ಹೆಸರು ಬರಲಿಲ್ಲ.

ಹೊರಗೆ ಬಂದು ಆಟದ ಮೈದಾನದ ಕಲ್ಲುಬೆಂಚಿನ ಮೇಲೆ ಕೂತೆವು. ಹೆಂಡತಿ ನೀರು ತರಲು ಹೋದಳು. ಪಿಟೀಲಿನ ಕಣ್ಣು ತುಂಬಿತ್ತು, ಆದರೆ ಅಳುತ್ತಿರಲಿಲ್ಲ.

"ನಾನು ಇವತ್ತು ಬೆಳಿಗ್ಗೆ ಒಂದು ಸೇದಿದೆ. ಅದಕ್ಕೇ ಹೀಗಾಯ್ತು. ನಿನ್ನ ಬಹುಮಾನ ನಾನೇ ಕಳೆದೆ" ಎಂದೆ.

"ಗೊತ್ತು. ಅಮ್ಮ ಮುಖ ತಿರುಗಿಸಿದ್ದು ಕಾಣಿಸ್ತು."

"ಯಾಕೆ ನಿಲ್ಲಿಸ್ದೆ ಮತ್ತೆ? ನೀನು ಓದ್ಕೊಂಡು ಹೋಗ್ಬೇಕಿತ್ತು."

"ನೀನು ಕೆಮ್ತಾ ಇದ್ದೆಯಲ್ಲ" ಎಂದಳು, ಇಷ್ಟೂ ತಿಳಿಯದ ಅಪ್ಪ ಎಂಬಂತೆ. "ನಿನ್ನ ಬಿಟ್ಟು ನಾನೊಬ್ಳೇ ಹೇಗೆ ಮುಂದೆ ಹೋಗ್ಲಿ?"

ನನಗೆ ಭಯವಾಯಿತು. ಕಪ್ಪು ಶ್ವಾಸಕೋಶದ ಚಿತ್ರ ಹಿಡಿದು ಮೂವತ್ತು ಮಕ್ಕಳನ್ನು ಹೆದರಿಸಲು ಹೋದವನಿಗೆ ಅಲ್ಲಿಯವರೆಗೆ ಆಗದಿದ್ದ ಭಯ. ಒಂದು ದಿನ ಈ ಕೆಮ್ಮಿನಿಂದ ನಾನು ವಾಪಸು ಬರದಿದ್ದರೂ ಈ ಹುಡುಗಿ ಹೀಗೇ ಬೆರಳಿಟ್ಟುಕೊಂಡು ಕೂತಿರುತ್ತಾಳೆ. ಕತ್ತರಿ ಎಂಥ ಕಸುಬುದಾರನಾದರೂ ಅದಕ್ಕೆ ಏನೂ ಮಾಡಲಾರ.

"ಕೊನೆ ಪುಟ ಉಳ್ಕೊಂಡಿದೆ. ಓದ್ಲಾ?" ಎಂದಳು.

ಓದು ಎಂದೆ. ಅವಳು ಹುಡುಗಿ ಬಾಗಿಲು ತೆರೆಯುವಲ್ಲಿಂದ ಓದಿದಳು. ಬೆಕ್ಕಿನ ಮರಿಗಳು, ಒಂಟಿ ಚಪ್ಪಲಿಯ ದೈತ್ಯ, ಅವನು ಹೊರಗೆ ಕೂತು ಕಾಯುವುದು. ನನ್ನ ಎದೆಯಲ್ಲಿ ಕೆಮ್ಮು ಎದ್ದು ನಿಂತಿತ್ತು. ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ತಡೆದುಕೊಂಡೆ. ಅವಳಿಗಾಗಿ ಆ ದಿನ ನನ್ನ ಕೈಲಾದದ್ದು ಅಷ್ಟೇ.

ಅವಳು ಪುಸ್ತಕ ಮುಚ್ಚಿದ ಮೇಲೆ ಕೆಮ್ಮಿದೆ. ಅದು ಬೇಗ ಮುಗಿಯಲಿಲ್ಲ. ಕಥೆ ಮುಗಿದಿತ್ತು, ಗುರುತಿಟ್ಟುಕೊಳ್ಳಲು ಯಾವ ಪದವೂ ಉಳಿದಿರಲಿಲ್ಲ. ಆದರೂ ಮಗಳು ಮುಚ್ಚಿದ ಪುಸ್ತಕದ ಮೇಲೇ ಬೆರಳಿಟ್ಟುಕೊಂಡು ನನಗಾಗಿ ಕಾಯುತ್ತ ಕುಳಿತಳು.